ಆಸೆಗೆ ಬೆಲೆ ಕಟ್ಟುವವರು

ಹುನಗುಂದದಲ್ಲಿ ನನಗೆ ಬಹುಕಾಲದ ಪರಿಚಯವಿರುವ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ತರುಣರಾಗಿದ್ದಾಗ ಊರ ಜಾತ್ರೆಯ ನಾಟಕಗಳಲ್ಲಿ ಬಣ್ಣ ಹಚ್ಚಿ ಕುಣಿದವರು, ಈಗಲೂ ಹಾರ್ಮೋನಿಯಂ ದನಿ ಕೇಳಿದರೆ ಕಾಲು ತಾಳ ಹಾಕತೊಡಗುವ ಜೀವ. 2024ರ ಮಳೆಗಾಲದಲ್ಲಿ ಅವರು ಮಗಳ ಮನೆಗೆಂದು ಬೆಂಗಳೂರಿಗೆ ಹೊರಟಿದ್ದರು. ಅಲ್ಲಿ ಒಂದು ಒಳ್ಳೆಯ ನಾಟಕ ನೋಡಬೇಕೆಂಬ ಆಸೆ ಅವರದು. "ಫಾದರ್, ನಿಮ್ಮ ಫೋನಿನ್ಯಾಗ ಎರಡು ಟಿಕೆಟ್ ತಗಸಿಕೊಡ್ರಿ. ನನಗ ಅದು ತಿಳಿಯೂದಿಲ್ಲ" ಎಂದರು. ನನಗೆ ತಿಳಿಯುತ್ತದೆ ಎಂಬ ಹಮ್ಮಿನಿಂದ ನಾನು ಫೋನು ಕೈಗೆತ್ತಿಕೊಂಡೆ.

ನಾಟಕದ ಹೆಸರು ಬರೆದು ಹುಡುಕಿದಾಗ ಮೊದಲು ಕಂಡ ಪುಟವನ್ನೇ ತೆರೆದೆ. ಅದು ರಂಗಮಂದಿರದ ಪುಟವಲ್ಲ, ನಡುವೆ ನಿಂತು ಟಿಕೆಟ್ ಮರುಮಾರಾಟ ಮಾಡುವ ಬೇರೆ ಯಾರದೋ ಪುಟವೆಂದು ನನಗೆ ಹೊಳೆಯಲಿಲ್ಲ. ಒಂದು ಟಿಕೆಟಿಗೆ 520 ರೂಪಾಯಿ ಎಂದಿತ್ತು. ಕೆಲವೇ ಆಸನಗಳು ಉಳಿದಿವೆ ಎಂಬ ಕೆಂಪಕ್ಷರದ ಎಚ್ಚರಿಕೆ, ಅದರ ಪಕ್ಕದಲ್ಲಿ ಕ್ಷಣ ಕ್ಷಣಕ್ಕೂ ಇಳಿಯುತ್ತಿದ್ದ ಗಡಿಯಾರ. ಹೆಸರು, ವಿಳಾಸ ಎಲ್ಲವನ್ನೂ ತುಂಬಿಸಿ ಹಣ ಕೊಡುವ ಕೊನೆಯ ಪುಟಕ್ಕೆ ಬಂದಾಗ 1,040 ರೂಪಾಯಿಯ ಜೊತೆಗೆ 150 ರೂಪಾಯಿ ಸೇವಾಶುಲ್ಕ, ಅದರ ಮೇಲೆ ಶೇಕಡಾ 18ರ ತೆರಿಗೆ 27 ರೂಪಾಯಿ ಸೇರಿ, ಮೊತ್ತ 1,217 ಆಗಿತ್ತು. ಗಡಿಯಾರ ಓಡುತ್ತಿತ್ತು. ಗಾಬರಿಯಲ್ಲಿ ಹಣ ಕಟ್ಟಿಬಿಟ್ಟೆ.

ವಾರದ ನಂತರ ಮಾಸ್ತರರು ಮರಳಿ ಬಂದರು. ನಾಟಕ ಚೆನ್ನಾಗಿತ್ತಂತೆ. ಆದರೆ ರಂಗಮಂದಿರದ ಬಾಗಿಲಲ್ಲೇ ಟಿಕೆಟ್ ಮಾರುತ್ತಿದ್ದರು. ಬೆಲೆ 300 ರೂಪಾಯಿ. ಒಳಗೆ ಅರ್ಧದಷ್ಟು ಕುರ್ಚಿಗಳು ಖಾಲಿ. ಇದನ್ನು ಹೇಳಿ ಅವರು ನಕ್ಕರು. "ಫಾದರ್, ಗಡಿಯಾರ ಓಡಿದ್ದು ನಿಮ್ಮ ಫೋನಿನ್ಯಾಗ ಅಷ್ಟ. ಅಲ್ಲಿ ಯಾರಿಗೂ ಅವಸರ ಇರಲಿಲ್ಲ." 600 ರೂಪಾಯಿಗೆ ಸಿಗುವುದಕ್ಕೆ ನಾನು 617 ರೂಪಾಯಿ ಹೆಚ್ಚಿಗೆ ತೆತ್ತಿದ್ದೆ. ಅವರ ನಗೆಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಆದರೂ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ಕಳೆದುಹೋದ ಹಣವಲ್ಲ. ಇದೇ ವ್ಯಾಪಾರದಲ್ಲಿ ಒಂದು ಕಾಲಕ್ಕೆ ನಾನು ಕಿಂಡಿಯ ಆ ಬದಿಗೆ ನಿಂತವನು ಎಂಬ ನೆನಪು.

ಅದು 1982. ನನಗಾಗ ಹನ್ನೆರಡು ವರ್ಷ. ಒಂದು ನಾಟಕ ಕಂಪನಿ ಹುನಗುಂದದಲ್ಲಿ ಕ್ಯಾಂಪು ಹಾಕಿತ್ತು. ಇಂದಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಕಂಪನಿಯೆಂದರೆ ತಗಡಿನ ಥೇಟರು, ಬಣ್ಣದ ಪರದೆಗಳು, ಅಡುಗೆಯವರಿಂದ ಹಿಡಿದು ನಾಯಕಿಯವರೆಗೆ ಒಂದೇ ಬಿಡಾರದಲ್ಲಿ ಬದುಕುವ ಹತ್ತಾರು ಜನ. ಊರೊಂದರಲ್ಲಿ ತಿಂಗಳುಗಟ್ಟಲೆ ಇದ್ದು, ನಿತ್ಯದ ಟಿಕೆಟ್ ಹಣದಲ್ಲೇ ಅಷ್ಟೂ ಜನರ ಹೊಟ್ಟೆ ತುಂಬಬೇಕು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಮಧ್ಯಾಹ್ನ ಮೈಕು ಕಟ್ಟಿದ ಟಾಂಗಾ ಹಳ್ಳಿಯ ದಾರಿಗಳಲ್ಲಿ ಕೂಗುತ್ತಾ ಹ್ಯಾಂಡ್‌ಬಿಲ್ ಚೆಲ್ಲುತ್ತಾ ಹೋದರೆ, ಸಂಜೆಗೆ ಸುತ್ತಲಿನ ಊರುಗಳಿಂದ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು.

ಆ ಭಾನುವಾರ 'ಸಂಪತ್ತಿಗೆ ಸವಾಲ್' ನಾಟಕ. ಅದನ್ನು ಬರೆದ ಧುತ್ತರಗಿಯವರು ನಮ್ಮ ಹುನಗುಂದ ಸೀಮೆಯ ಸೂಳೇಭಾವಿಯವರು. ಸಿರಿವಂತಿಕೆಯ ದರ್ಪಕ್ಕೆ ಬಡವನೊಬ್ಬ ಎದುರು ನಿಲ್ಲುವ ಈ ಕಥೆ 1974ರಲ್ಲಿ ಡಾ. ರಾಜ್‌ಕುಮಾರ್ ಅವರ ಚಲನಚಿತ್ರವಾಗಿ ನಾಡಿನಾದ್ಯಂತ ಮನೆಮಾತಾಗಿತ್ತು. ನಮ್ಮವರೇ ಬರೆದ ನಾಟಕವೆಂಬ ಅಭಿಮಾನದಿಂದ ಜನ ಮುಗಿಬಿದ್ದರು.

ಚಹಾದಂಗಡಿಯ ಬಳಿ ಒಬ್ಬಾತ ನಮ್ಮಂಥ ಆರು ಹುಡುಗರನ್ನು ಗೊತ್ತುಮಾಡಿದ್ದ. ಒಬ್ಬರಿಗೆ ಎರಡೇ ಟಿಕೆಟ್ ಎಂಬುದು ಕಂಪನಿಯ ಕಟ್ಟಳೆ. ನಾವು ಸಾಲಿನಲ್ಲಿ ಮುಂಚೆಯೇ ನಿಂತು ಎರಡೆರಡು ನೆಲದ ಟಿಕೆಟ್ ಕೊಂಡು ಅವನ ಕೈಗೆ ಕೊಡಬೇಕು. ಟಿಕೆಟಿಗೆ ನಾಲ್ಕಾಣೆಯಂತೆ ನಮಗೆ ಕೂಲಿ, ಮೇಲೆ ನಾಟಕ ಪುಕ್ಕಟೆ. ಎರಡು ರೂಪಾಯಿಯ ಟಿಕೆಟನ್ನು ಆತ ನಾಲ್ಕಕ್ಕೆ ಮಾರುತ್ತಿದ್ದ. ಅಂದು ಪೊಲೀಸರು ಸುತ್ತಾಡುತ್ತಿದ್ದುದರಿಂದ ಸಣ್ಣ ಹುಡುಗನ ಮೇಲೆ ಯಾರಿಗೂ ಅನುಮಾನ ಬಾರದೆಂದು ಎಣಿಸಿ, ಕೊನೆಯ ನಾಲ್ಕು ಟಿಕೆಟ್ ಮಾರುವ ಕೆಲಸವನ್ನೂ ನನಗೇ ಒಪ್ಪಿಸಿದ. ದೊಡ್ಡವನಾದೆನೆಂಬ ಹೆಮ್ಮೆ ನನಗೆ.

ಕಿಂಡಿ ಮುಚ್ಚಿದ ಮೇಲೆ ಅಮೀನಗಡದ ಕಡೆಯ ಒಬ್ಬ ಮುದುಕಿ ಮೊಮ್ಮಗಳ ಕೈಹಿಡಿದು ಬಂದಳು. ಯಾರೋ ನನ್ನತ್ತ ಬೆರಳು ತೋರಿದರು. ನಾನು ನಾಲ್ಕು ರೂಪಾಯಿ ಎಂದೆ.

"ಎರಡು ರೂಪಾಯಿ ಅಂತ ಟಾಂಗಾದಾಗ ಕೂಗಿ ಹೇಳ್ಯಾರಲ್ಲೋ ತಮ್ಮಾ?"

"ಹೌಸ್‌ಫುಲ್ ಆಗೈತಿ ಆಯಿ. ಈಗ ನಾಲ್ಕು."

ಆಕೆ ಸೆರಗಿನ ಗಂಟು ಬಿಚ್ಚಿ ಎಣಿಸಿದಳು. ಐದು ರೂಪಾಯಿ ಇತ್ತು. ಇಬ್ಬರ ಟಿಕೆಟಿಗೆ ನಾಲ್ಕು, ಮಗುವಿನ ಚುರಮುರಿಗೆ ಒಂದು ಎಂದು ಲೆಕ್ಕಹಾಕಿ ತಂದಿದ್ದಿರಬೇಕು. ಒಂದು ಗಳಿಗೆ ಸುಮ್ಮನೆ ನಿಂತು, ನಾಲ್ಕು ರೂಪಾಯಿ ನನ್ನ ಅಂಗೈಗೆ ಹಾಕಿ, ಒಂದು ಟಿಕೆಟ್ ಕೊಂಡು ಮೊಮ್ಮಗಳನ್ನು ತಮ್ಮೂರ ಹೆಂಗಸರ ಜೊತೆ ಒಳಗೆ ಕಳಿಸಿದಳು.

ಮಧ್ಯಂತರದಲ್ಲಿ ನಾನು ಹೊರಗೆ ಬಂದೆ. ಆಕೆ ತಗಡಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಒಳಗಿನ ಮಾತು, ಹಾಡು ಎಲ್ಲವನ್ನೂ ಅಲ್ಲಿಂದಲೇ ಕೇಳುತ್ತಿದ್ದಳು. ನನ್ನನ್ನು ಗುರುತಿಸಿ, ಕೋಪವಿಲ್ಲದೆ ಕೇಳಿದಳು: "ತಮ್ಮಾ, ಈಗ ಅಳತಿದ್ದಾಕಿ ಯಾರು? ತಾಯಿಯೋ, ಮಗಳೋ?" ನಾನು ಉತ್ತರ ಹೇಳಿ ಅಲ್ಲಿಂದ ಓಡಿದೆ. ಉಳಿದ ನಾಟಕದಲ್ಲಿ ಏನು ನಡೆಯಿತೆಂದು ನನಗೆ ನೆನಪಿಲ್ಲ.

ಮರುದಿನ ಅವ್ವ ಅಂಗಿ ಒಗೆಯುವಾಗ ಜೇಬಿನಲ್ಲಿ ಎಂಟಾಣೆ ಸಿಕ್ಕಿತು. ವಿಷಯ ಅಪ್ಪನ ಕಿವಿಗೆ ಬಿತ್ತು. ಅಪ್ಪ ಗೌಂಡಿ ಕೆಲಸದವನು, ಓದು ಬರಹ ಅಷ್ಟಕ್ಕಷ್ಟೇ. ಹೊಡೆಯುತ್ತಾನೆಂದುಕೊಂಡೆ, ಹೊಡೆಯಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಹೀಗೆಂದ: "ಸಾಲಿನ್ಯಾಗ ನಿಂತಿದ್ದಕ್ಕ ಕೂಲಿ ತಗೊಂಡಿ, ಆತು. ಕಲ್ಲು ಹೊತ್ತರೂ ಕೂಲಿ ಐತಿ, ನಿಂತರೂ ಕೂಲಿ ಐತಿ ಅನ್ನು. ಆದರ ಆ ಮುದುಕಿ ಆಸೆಕ್ಕ ರೇಟು ಹಚ್ಚಾಕ ನೀ ಯಾರು? ಆ ಆಸೆ ಏನು ನಿಮ್ಮಪ್ಪನ ಗಂಟೇನು?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ: "ಆಕಿ ಯಾವೂರಾಕಿ?" ನಾನು ಕೇಳಿರಲಿಲ್ಲ.

ಪ್ರಿಯ ಓದುಗರೇ, ಮುಂದೆ ಸೆಮಿನರಿಯಲ್ಲಿ ನೀತಿಶಾಸ್ತ್ರ ಓದುವಾಗ ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ಬರಹದಲ್ಲಿ ಇದೇ ಪ್ರಶ್ನೆ ನನಗೆ ಎದುರಾಯಿತು. ಒಂದು ವಸ್ತುವನ್ನು ಅದರ ಯೋಗ್ಯತೆಗಿಂತ ಹೆಚ್ಚಿನ ಬೆಲೆಗೆ ಮಾರಬಹುದೇ ಎಂದು ಅವರು ಕೇಳುತ್ತಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೇ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬಹುದು. ಆದರೆ ಕೊಳ್ಳುವವನಿಗೆ ಅದರ ಅಗತ್ಯ ಬಹಳವಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಕೂಡದು. ಏಕೆಂದರೆ ಆ ಅಗತ್ಯ ಹುಟ್ಟಿದ್ದು ಕೊಳ್ಳುವವನ ಸ್ಥಿತಿಯಿಂದ; ಅದು ಮಾರುವವನ ಸೊತ್ತಲ್ಲ. ತನ್ನದಲ್ಲದ್ದನ್ನು ಯಾರೂ ಮಾರಬಾರದು. ಪುಸ್ತಕದಿಂದ ತಲೆಯೆತ್ತಿದಾಗ ಸುಣ್ಣ ಮೆತ್ತಿದ ಕೈಗಳ ಅಪ್ಪ ನನ್ನ ಕಣ್ಣ ಮುಂದೆ ನಿಂತಿದ್ದ. ಮಹಾ ಪಂಡಿತರೊಬ್ಬರು ಲತೀನಿನಲ್ಲಿ ಬರೆದದ್ದನ್ನು ಅವನು ಹುನಗುಂದದ ಮಾತಿನಲ್ಲಿ ಹೇಳಿದ್ದ.

ಇಂದು ತಗಡಿನ ಥೇಟರು ಜಾತ್ರೆಗಳಿಗೆ ಸರಿದಿದೆ. ಆದರೆ ಆ ಚಹಾದಂಗಡಿಯ ವ್ಯಾಪಾರ ಲೋಕವ್ಯಾಪಿಯಾಗಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಡ್‌ವೇ ರಂಗಮಂದಿರಗಳಲ್ಲಿ 2015ರಿಂದ ನಡೆಯುತ್ತಿರುವ 'ಹ್ಯಾಮಿಲ್ಟನ್' ಎಂಬ ಸಂಗೀತ ನಾಟಕದ ಉದಾಹರಣೆಯನ್ನೇ ನೋಡಿ. ಅಲ್ಲಿ ಸಾಲಿನಲ್ಲಿ ನಿಲ್ಲಲು ಹುಡುಗರೂ ಬೇಕಾಗಲಿಲ್ಲ. ಕಂಪ್ಯೂಟರಿನ ತಂತ್ರಾಂಶಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಟಿಕೆಟುಗಳನ್ನು ರಾಶಿರಾಶಿಯಾಗಿ ಕೊಂಡವು. ಅವು ಸಾವಿರಾರು ಡಾಲರುಗಳಿಗೆ ಮರುಮಾರಾಟವಾದವು. ನಾಟಕವನ್ನು ಬರೆದು ತಾವೇ ನಾಯಕನಾಗಿ ನಟಿಸಿದ ಲಿನ್ ಮ್ಯಾನುಯೆಲ್ ಮಿರಾಂಡ 2016ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು, ಇದನ್ನು ತಡೆಯಬೇಕೆಂದು ಬೇಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಂಥ ತಂತ್ರಾಂಶಗಳ ಬಳಕೆಯನ್ನು ನಿಷೇಧಿಸುವ ಕಾನೂನು ಅಮೆರಿಕದಲ್ಲಿ ಬಂತು. ಅದೇ ನಾಟಕದವರು ಕೆಲವು ಆಸನಗಳನ್ನು ಕೇವಲ ಹತ್ತು ಡಾಲರಿಗೆ ಚೀಟಿ ಎತ್ತಿ ಕೊಡುವ ಪದ್ಧತಿಯನ್ನೂ ಇಟ್ಟರು. ಬಡವನಿಗೂ ಒಂದು ಜಾಗವಿರಲೆಂಬ ಮನಸ್ಸು ನಾಟಕದವರಲ್ಲೇ ಇತ್ತು ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿಯೂ ಇದನ್ನು ಕಂಡಿದ್ದೇವೆ. 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ಕೋಲ್ಡ್‌ಪ್ಲೇ ಎಂಬ ಬ್ರಿಟಿಷ್ ವಾದ್ಯತಂಡದ ಕಾರ್ಯಕ್ರಮವಿತ್ತು. ಟಿಕೆಟಿನ ಮೂಲ ಬೆಲೆ 2,500ರಿಂದ 35,000 ರೂಪಾಯಿವರೆಗೆ. 2024ರ ಸೆಪ್ಟೆಂಬರಿನಲ್ಲಿ ಮಾರಾಟ ಆರಂಭವಾದ ಬೆನ್ನಲ್ಲೇ ಅವು ಮರುಮಾರಾಟದ ಪುಟಗಳಲ್ಲಿ ಲಕ್ಷಗಳ ಬೆಲೆಗೆ ಕಾಣಿಸಿಕೊಂಡವು. ಕೊನೆಗೆ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯವು ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಬೇಕಾಯಿತು. 2025ರ ನವೆಂಬರಿನಲ್ಲಿ ಬ್ರಿಟನ್ ಸರ್ಕಾರವು, ಮೂಲ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮರುಮಾರಾಟ ಮಾಡುವುದನ್ನು ಕಾನೂನುಬಾಹಿರಗೊಳಿಸುವುದಾಗಿ ಪ್ರಕಟಿಸಿತು.

ಹಾಗಾದರೆ ಟಿಕೆಟಿನ ಮೇಲೆ ಬರುವ ಪ್ರತಿಯೊಂದು ಶುಲ್ಕವೂ ಪಾಪವೇ? ಹಾಗೆ ಹೇಳಿದರೆ ಅದು ಅವಸರದ ತೀರ್ಪಾದೀತು. ಮನೆಯಲ್ಲಿ ಕುಳಿತು ಟಿಕೆಟ್ ಪಡೆಯುವ ಅನುಕೂಲವನ್ನು ಒದಗಿಸಲು ಯಂತ್ರ ಬೇಕು, ಜನ ಬೇಕು, ಖರ್ಚಿದೆ. ಸಾಲಿನಲ್ಲಿ ನಿಂತವನಿಗೆ ಕೂಲಿ ಉಂಟೆಂದು ಅಪ್ಪನೇ ಒಪ್ಪಿದ್ದ. 2025ರ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಚಿತ್ರಮಂದಿರಗಳು ಇಂಥ ಅನುಕೂಲ ಶುಲ್ಕ ಪಡೆಯಬಾರದೆಂದು ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ರದ್ದುಪಡಿಸಿತು. ಬೇಕಾದವನು ಶುಲ್ಕ ಕೊಟ್ಟು ಫೋನಿನಲ್ಲಿ ಕೊಳ್ಳಲಿ, ಬೇಡವಾದವನು ಚಿತ್ರಮಂದಿರದ ಕಿಂಡಿಗೆ ಹೋಗಲಿ, ಆಯ್ಕೆ ಅವನದು ಎಂಬ ವಿಚಾರಕ್ಕೆ ಅಲ್ಲಿ ಮನ್ನಣೆ ದೊರೆಯಿತು. ನಮ್ಮ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 12ರಂದು ಸರ್ಕಾರ ಚಲನಚಿತ್ರದ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳ 23ರಂದು ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆ ನೀಡಿತು. ಬೆಲೆಯನ್ನು ಕಾನೂನಿನಿಂದ ಕಟ್ಟಿಹಾಕುವುದು ಸುಲಭದ ಕೆಲಸವಲ್ಲ.

ಆದುದರಿಂದ ನಮ್ಮ ಮನಸ್ಸಾಕ್ಷಿಗೆ ನಾವೇ ಒಂದು ಅಳತೆಗೋಲನ್ನು ಕೊಟ್ಟುಕೊಳ್ಳಬೇಕು. ನನಗೆ ತೋರಿದ್ದು ಮೂರು ಪ್ರಶ್ನೆಗಳು. ಮೊದಲನೆಯದು, ಶುಲ್ಕವನ್ನು ಮೊದಲೇ ಹೇಳಿದರೋ, ಇಲ್ಲವೇ ನಾವು ಹೊಳೆಯ ನಡುವೆ ಬಂದ ಮೇಲೆ ದೋಣಿಯ ಬಾಡಿಗೆ ಹೇಳಿದರೋ? ಎರಡನೆಯದು, ಶುಲ್ಕವು ಮಾಡಿದ ಕೆಲಸಕ್ಕೆ ತಕ್ಕಷ್ಟಿದೆಯೋ, ಇಲ್ಲವೇ ನಮ್ಮ ಆಸೆ ಎಷ್ಟು ದೊಡ್ಡದೋ ಅಷ್ಟಿದೆಯೋ? ಮೂರನೆಯದು, ಬೇಡವೆನ್ನುವವನಿಗೆ ಇನ್ನೊಂದು ಕಿಂಡಿ ತೆರೆದಿದೆಯೋ, ಇಲ್ಲವೇ ಆ ಕಿಂಡಿಯ ಟಿಕೆಟನ್ನೆಲ್ಲ ಮೊದಲೇ ಬಾಚಿಕೊಂಡು ಅದನ್ನು ಮುಚ್ಚಿಸಿದವರೇ ಈಗ ಪಕ್ಕದಲ್ಲಿ ನಿಂತು ಮಾರುತ್ತಿದ್ದಾರೋ? ಮುದುಕಿಯ ಮುಂದೆ ನಿಂತಿದ್ದ ಹನ್ನೆರಡರ ನಾನು ಈ ಮೂರನೆಯ ಪ್ರಶ್ನೆಯಲ್ಲಿ ಸೋತವನು. ಟಿಕೆಟ್ ಮುಗಿದಿದೆ ಎಂದು ನಾನು ಆಕೆಗೆ ಹೇಳಿದ್ದು ನಿಜ. ಆದರೆ ಮುಗಿಸಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಇನ್ನೂ ಒಂದು ಮಾತಿದೆ. ಆಕೆ ಹೆಚ್ಚಿಗೆ ಕೊಟ್ಟ ಎರಡು ರೂಪಾಯಿಯಲ್ಲಿ ಒಂದು ಪೈಸೆಯೂ ಅಳುತ್ತಿದ್ದ ಆ ನಟಿಗೆ ತಲುಪಲಿಲ್ಲ, ಪರದೆ ಎಳೆಯುವವನಿಗೂ ತಲುಪಲಿಲ್ಲ, ನಾಟಕ ಬರೆದವರಿಗೂ ತಲುಪಲಿಲ್ಲ. ಆಕೆಯ ಆಸೆಯನ್ನು ಹುಟ್ಟಿಸಿದವರು ಅವರು, ಹಣ ಎಣಿಸಿಕೊಂಡವನು ಚಹಾದಂಗಡಿಯವನು. ಬಿತ್ತಿದವನೊಬ್ಬ, ರಾಶಿ ಹೊತ್ತವನು ಇನ್ನೊಬ್ಬ. ಇಳಕಲ್ಲಿನ ಮಗ್ಗದ ಮುಂದೆ ಕುಳಿತು ಬೆನ್ನು ಬಾಗಿಸಿಕೊಂಡವರಿಗೂ, ಸಂತೆಗೆ ಉಳ್ಳಾಗಡ್ಡಿ ತರುವ ರೈತನಿಗೂ ಈ ನೋವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸುಂಕ ವಸೂಲಿಗಾರನಾದ ಜಕ್ಕಾಯನನ್ನು ನಾವೆಲ್ಲರೂ ಬಲ್ಲೆವು. ರೋಮನ್ನರ ಆಳ್ವಿಕೆಯಲ್ಲಿ ಸುಂಕ ಎತ್ತುವ ಹಕ್ಕನ್ನು ಗುತ್ತಿಗೆ ಹಿಡಿಯುವ ಪದ್ಧತಿಯಿತ್ತು. ಹಾಗೆ ಹಿಡಿದವರು ಗೊತ್ತಾದ ಮೊತ್ತದ ಮೇಲೆ ತಮ್ಮದನ್ನೂ ಸೇರಿಸಿ ಜನರಿಂದ ಸುಲಿಯುತ್ತಿದ್ದರು. ಅವರೂ ನಡುವೆ ನಿಂತವರೇ. ಸಂತ ಲೂಕರು ಹೇಳುವ ಈ ಘಟನೆಯಲ್ಲಿ ಒಂದು ಸೂಕ್ಷ್ಮವಿದೆ. ಯೇಸುವನ್ನು ನೋಡಬೇಕೆಂಬ ಆಸೆ ಹುಟ್ಟಿದ ದಿನ, ಬೇರೆಯವರ ದಾರಿಗೆ ಅಡ್ಡ ನಿಂತು ಹಣ ಮಾಡಿದ ಆ ಕುಳ್ಳನಿಗೆ ನೋಡಲು ಜಾಗವೇ ಸಿಗಲಿಲ್ಲ. ಜನಸಂದಣಿಯ ಹಿಂದೆ ನಿಂತು, ಕೊನೆಗೆ ಮರ ಹತ್ತಬೇಕಾಯಿತು. ಅಲ್ಲಿ ಅವನಿಂದ ಯಾರೂ ಹಣ ಕೇಳಲಿಲ್ಲ. ಹೆಸರು ಹಿಡಿದು ಕರೆದರು. ಅವನು ಮರದಿಂದ ಇಳಿದು ಬಂದವನು, ಯಾರಿಗಾದರೂ ಮೋಸಮಾಡಿ ಕಸಿದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಮಾತು ಕೊಟ್ಟ. ಹೊರಗೆ ಉಳಿಯುವುದೆಂದರೇನು ಎಂದು ಒಮ್ಮೆ ಅನುಭವಿಸಿದವನಿಗೆ ಮಾತ್ರ ಅಷ್ಟು ಬೇಗ ಅಷ್ಟು ದೊಡ್ಡ ಲೆಕ್ಕ ಹೊಳೆಯುತ್ತದೆ ಎಂದು ನನಗೆ ಅನ್ನಿಸಿದೆ.

ನಮ್ಮ ಕುಟುಂಬಗಳಲ್ಲಿ ಈ ಕುರಿತು ಮಾತಾಗಲಿ. ಮಕ್ಕಳು ಟಿಕೆಟ್ ಕೊಳ್ಳುವಾಗ ಮೊದಲು ರಂಗಮಂದಿರದ್ದೇ ಪುಟವನ್ನೋ ಕಿಂಡಿಯನ್ನೋ ಹುಡುಕಲಿ. ಓಡುವ ಗಡಿಯಾರಕ್ಕೆ ಹೆದರದೆ ಕೊನೆಯ ಪುಟದ ಮೊತ್ತವನ್ನು ಓದಲಿ. ಇಲ್ಲದ ಅವಸರವನ್ನು ಹುಟ್ಟಿಸುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚಿಡುವುದು ಇವೆಲ್ಲ ಸಣ್ಣ ಜಾಣತನಗಳಲ್ಲ. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪಟ್ಟಿಮಾಡಿ ನಿಷೇಧಿಸಿದ 13 ಬಗೆಯ ವಂಚನೆಗಳಲ್ಲಿ ಇವೂ ಸೇರಿವೆ. ಮೋಸಹೋದವರು 1915 ಸಂಖ್ಯೆಗೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅದಕ್ಕಿಂತ ಮುಖ್ಯವಾದುದು, ಎರಡು ಟಿಕೆಟ್ ಬೇಕಾದಲ್ಲಿ ಆರು ಕೊಂಡು, ಉಳಿದ ನಾಲ್ಕನ್ನು ಮಾರಿ ಖರ್ಚು ಸರಿದೂಗಿಸಿಕೊಳ್ಳುವ ಬುದ್ಧಿ ನಮ್ಮ ಮಕ್ಕಳಿಗೆ ಬಾರದಿರಲಿ. ಅದನ್ನು ಜಾಣ್ಮೆಯೆಂದು ನಾವು ಮೆಚ್ಚದಿರೋಣ.

ನಾನು 617 ರೂಪಾಯಿ ಕಳೆದುಕೊಂಡೆನೆಂದು ದೂರು ಕೊಡಬಹುದಿತ್ತು. ಕೊಡಲಿಲ್ಲ. ಮಾಸ್ತರರು ಕೊಟ್ಟ ಹಣದಲ್ಲಿ ಆ ಹೆಚ್ಚಿನದನ್ನು ಮರಳಿಸಿ ಸುಮ್ಮನಾದೆ. ಅದು ನನ್ನ ತಪ್ಪೆಂದು ಈಗ ಅನ್ನಿಸುತ್ತದೆ. ನನ್ನ ನಂತರ ಅದೇ ಪುಟ ತೆರೆದವರನ್ನು ನಾನು ಎಚ್ಚರಿಸಬಹುದಿತ್ತು.

ಪ್ರತಿ ವರ್ಷ ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲುಗಟ್ಟಿ ನಿಲ್ಲುತ್ತವೆ. ರಾತ್ರಿಯಿಡೀ ಒಂದರ ಪಕ್ಕ ಒಂದು ಥೇಟರಿನ ದೀಪಗಳು ಉರಿಯುತ್ತಿರುತ್ತವೆ. ಬಿಡುವಾದ ವರ್ಷಗಳಲ್ಲಿ ಮಾಸ್ತರರು ಮತ್ತು ನಾನು ಒಂದು ನಾಟಕಕ್ಕೆ ಹೋಗುತ್ತೇವೆ. ಸಾಲಿನಲ್ಲಿ ನಿಂತು ಎರಡರ ಬದಲು ಮೂರು ಟಿಕೆಟ್ ಕೊಂಡು, ಒಂದನ್ನು ಕಿಂಡಿಯಲ್ಲಿ ಕುಳಿತವನ ಬಳಿಯೇ ಬಿಟ್ಟು, ಹಣ ಸಾಲದೆ ನಿಂತವರು ಯಾರಾದರೂ ಕಂಡರೆ ಕೊಡೆಂದು ಹೇಳುತ್ತೇನೆ. ಕಸಿದದ್ದನ್ನು ಕಳೆದುಕೊಂಡವರಿಗೇ ಮರಳಿಸಬೇಕು, ಅವರು ಸಿಗದಿದ್ದರೆ ಬಡವರಿಗೆ ಸಲ್ಲಿಸಬೇಕು ಎಂಬುದು ಸೆಮಿನರಿಯಲ್ಲಿ ಕಲಿತ ಪಾಠ. ಲೆಕ್ಕದಲ್ಲಿ ಜಕ್ಕಾಯನ ನಾಲ್ಕರಷ್ಟನ್ನು ನಾನು ಎಂದೋ ದಾಟಿರಬೇಕು. ಆದರೂ ಸಾಲ ತೀರಿತೆಂದು ಅನ್ನಿಸುವುದಿಲ್ಲ. ಒಮ್ಮೆ ಕಿಂಡಿಯ ಹುಡುಗ, "ಯಾರಿಗೆ ಕೊಡೂದ್ರಿ ಫಾದರ್? ಹೆಸರು, ಊರು ಹೇಳ್ರಿ" ಎಂದು ಕೇಳಿದ. ಆಕೆಯ ಊರನ್ನು ನಾನು ಕೇಳಬೇಕಾಗಿದ್ದುದು 1982ರ ಆ ರಾತ್ರಿ.